ನಾಟಿ ಟೊಮೇಟೊ: ಊರಿನ ತಳಿಯನ್ನು ಉಳಿಸಿಕೊಳ್ಳುವ ಬಗೆ

ಚೆನ್ನೈನ ತರಕಾರಿ ಅಂಗಡಿಗಳಲ್ಲಿ ಟೊಮೇಟೊ ಎರಡು ಹೆಸರುಗಳಲ್ಲಿ ಮಾರಾಟವಾಗುತ್ತದೆ. ಮೆತ್ತಗಿನ, ಹುಳಿಯಾದ, ರಸಭರಿತ ಹಣ್ಣು ‘ನಾಟ್ಟು ತಕ್ಕಾಳಿ’. ಗಟ್ಟಿ ಸಿಪ್ಪೆಯ, ಕೊಂಚ ಉದ್ದನೆಯ ಹಣ್ಣು ‘ಬೆಂಗಳೂರು ತಕ್ಕಾಳಿ’. ಕರ್ನಾಟಕದಿಂದ ಹೋಗಿ ಅಲ್ಲಿ ನೆಲೆಸಿದ ಕುಟುಂಬಗಳಿಗೆ ಈ ಎರಡನೆಯ ಹೆಸರು ವಿಚಿತ್ರವೆನಿಸುವುದು ಸಹಜ. ಅವರ ಹಿರಿಯರು ಸಾರಿಗೆ ಕಿವುಚಿ ಹಾಕುತ್ತಿದ್ದುದು ಮೊದಲನೆಯ ಬಗೆಯ ಹಣ್ಣನ್ನೇ. ಹಳೆಯ ಮೈಸೂರಿನ ಕಡೆ ಅದಕ್ಕೆ ‘ನಾಟಿ’ ಎಂದೂ, ಧಾರವಾಡ, ಬೆಳಗಾವಿಗಳ ಕಡೆ ‘ಜವಾರಿ’ ಎಂದೂ ಹೆಸರು. ಪುಣೆಯಲ್ಲಿ ‘ಗಾವಠಿ’, ಹೈದರಾಬಾದಿನಲ್ಲಿ ‘ನಾಟು’, ದೆಹಲಿಯಲ್ಲಿ ‘ದೇಸಿ’ ಎಂದು ಕೇಳಿದರೆ ಇಂತಹುದೇ ಹಣ್ಣನ್ನು ತೋರಿಸುತ್ತಾರೆ.

ಆದರೆ ಟೊಮೇಟೊ ಮೂಲತಃ ದೇಸಿಯಲ್ಲ. ಅದರ ಕಾಡು ಬಂಧುಗಳು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಪಶ್ಚಿಮ ಭಾಗದವು. ಮೆಕ್ಸಿಕೊದ ಜನರು ಅದನ್ನು ಬೆಳೆಯಾಗಿ ರೂಢಿಸಿದರು. ಭಾರತಕ್ಕೆ ಪೋರ್ಚುಗೀಸರ ಮೂಲಕ ಬಂದಿತೆಂಬುದು ಸಾಮಾನ್ಯವಾದ ಅಭಿಪ್ರಾಯ. ಇಂದಿಗೂ ಅನೇಕ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಟೊಮೇಟೊ ಬಳಸದಿರುವುದು ಅದು ತಡವಾಗಿ ಬಂದ ಅತಿಥಿ ಎಂಬುದಕ್ಕೆ ಗುರುತು. ಹೀಗಿರುವಾಗ ‘ನಾಟಿ’ ಎಂದರೆ ಈ ನೆಲದಲ್ಲಿ ಹುಟ್ಟಿದ್ದು ಎಂದರ್ಥವಲ್ಲ. ಒಂದು ಪ್ರದೇಶದ ಜನರು ತಲೆಮಾರುಗಳಿಂದ ತಾವೇ ಬೀಜ ತೆಗೆದು, ತಾವೇ ಬಿತ್ತಿ, ತಮ್ಮ ಅಡುಗೆಗೂ ಹವೆಗೂ ಒಗ್ಗಿಸಿಕೊಂಡದ್ದು ಎಂದರ್ಥ. ಬೀಜ ತೆಗೆಯುವುದು ನಿಂತರೆ ಆ ತಳಿಯೂ ಅಲ್ಲಿಗೆ ನಿಲ್ಲುತ್ತದೆ.

ಇಂತಹ ತಳಿಗಳು ಮಾರುಕಟ್ಟೆಯಿಂದ ಹಿಂದೆ ಸರಿದುದಕ್ಕೆ ಕಾರಣ ಅವುಗಳ ಗುಣವೇ ಆಗಿದೆ. ತೆಳುವಾದ ಸಿಪ್ಪೆ ಸಾರಿಗೆ ಒಳ್ಳೆಯದು, ಲಾರಿಗೆ ಒಳ್ಳೆಯದಲ್ಲ. ಕೋಲಾರದ ಮಾರುಕಟ್ಟೆಯಲ್ಲಿ ಪೆಟ್ಟಿಗೆಗೆ ತುಂಬಿದ ಹಣ್ಣು ನೂರಾರು ಕಿಲೋಮೀಟರು ಸಾಗಿ ದೂರದ ನಗರ ಸೇರಬೇಕು. ನಾಟಿ ಹಣ್ಣು ಅಷ್ಟರೊಳಗೆ ಒಡೆದು ನೀರಾಗುತ್ತದೆ. ಬಿಳಿನೊಣದಿಂದ ಹರಡುವ ಎಲೆ ಮುದುರು ರೋಗವೂ ರೈತರನ್ನು ಕಂಗೆಡಿಸಿತು. ರೋಗನಿರೋಧಕ ಸಂಕರ ತಳಿಗಳನ್ನು ಅವರು ಆರಿಸಿಕೊಂಡುದರಲ್ಲಿ ತಪ್ಪೇನೂ ಇಲ್ಲ. ಆದರೆ ಸಂಕರ ತಳಿಯ ಹಣ್ಣಿನಿಂದ ಬೀಜ ತೆಗೆದು ಬಿತ್ತಿದರೆ ಮುಂದಿನ ಗಿಡಗಳು ಒಂದೊಂದು ಒಂದೊಂದು ಬಗೆಯಾಗಿ ಬರುತ್ತವೆ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಎರಡು ತಳಿಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ: ‘ಅರ್ಕ ವಿಕಾಸ್’ ಶುದ್ಧ ಸಾಲಿನ ತಳಿ, ಅದರ ಬೀಜವನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು, ‘ಅರ್ಕ ರಕ್ಷಕ್’ ಸಂಕರ ತಳಿ, ಅದರ ಬೀಜವನ್ನು ಪ್ರತಿ ಬೆಳೆಗೂ ಕೊಳ್ಳಬೇಕು.

ಪೇಟೆಯಲ್ಲಿ ‘ನಾಟಿ’ ಎಂದು ಕೊಂಡ ಹಣ್ಣೆಲ್ಲವೂ ಹಳೆಯ ತಳಿಯದೆಂದು ನಂಬುವಂತಿಲ್ಲ. ಹುಳಿ ಹಣ್ಣು ಬೇಡುವ ಗ್ರಾಹಕರಿಗೆಂದೇ ಸಿದ್ಧಪಡಿಸಿದ ಸಂಕರ ತಳಿಗಳೂ ಇವೆ. ಆದುದರಿಂದ ಊರಿಗೆ ಹೋದಾಗ ಹಿತ್ತಲಿನಲ್ಲಿ ಬೀಜ ಉಳಿಸಿಕೊಂಡು ಬರುತ್ತಿರುವ ಮನೆಯಿಂದಲೇ ಬೀಜ ತರುವುದು ಲೇಸು. ಅದು ಸಾಧ್ಯವಾಗದಿದ್ದಲ್ಲಿ ಒಂದೇ ಹಣ್ಣಿನ ಬೀಜದಿಂದ ಎಂಟು ಹತ್ತು ಗಿಡ ಬೆಳೆಸಿ ನೋಡಬೇಕು. ಎಲೆ, ಹಣ್ಣಿನ ಆಕಾರ, ಬಣ್ಣ ಎಲ್ಲದರಲ್ಲೂ ಒಂದೇ ಬಗೆಯಾಗಿ ಬಂದರೆ ಆ ತಳಿ ಸ್ಥಿರವಾದುದು; ಚೆಲ್ಲಾಪಿಲ್ಲಿಯಾಗಿ ಬಂದರೆ ಅದು ಸಂಕರದ ಸಂತಾನವಿರಬೇಕು.

ಟೊಮೇಟೊ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಪರಾಗಕೋಶಗಳು ಕೂಡಿ ಶಲಾಕೆಯ ಸುತ್ತ ಕೊಳವೆಯಂತೆ ನಿಂತಿರುವುದೇ ಇದಕ್ಕೆ ಕಾರಣ. ಬದನೆ, ಮೆಣಸಿನಕಾಯಿಗಳಲ್ಲಿ ಜೇನ್ನೊಣಗಳಿಂದಾಗುವ ಬೆರಕೆ ಇಲ್ಲಿ ಕಡಿಮೆ. ಆದರೂ ಕೆಲವು ತಳಿಗಳಲ್ಲಿ ಶಲಾಗ್ರವು ಕೊಳವೆಯಿಂದ ಹೊರಚಾಚುವುದರಿಂದ, ಪಕ್ಕದಲ್ಲಿ ಬೇರೆ ಟೊಮೇಟೊ ಗಿಡವಿದ್ದಲ್ಲಿ ಬೀಜಕ್ಕೆಂದು ಆರಿಸಿದ ಗೊಂಚಲಿಗೆ ಹೂ ಅರಳುವ ಮೊದಲೇ ತೆಳುಬಟ್ಟೆಯ ಚೀಲ ಕಟ್ಟುವುದು ಉಚಿತ. ದಿನಕ್ಕೊಮ್ಮೆ ಕಾಂಡವನ್ನು ಮೆಲ್ಲನೆ ಅಲುಗಿಸಿದರೆ ಪರಾಗ ಉದುರುತ್ತದೆ. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ ಆ ಗೊಂಚಲಿಗೆ ದಾರ ಕಟ್ಟಿ ಗುರುತಿಡಬೇಕು.

ಬೀಜಕ್ಕೆ ಮೊದಲು ಆರಿಸಬೇಕಾದುದು ಗಿಡ, ಅನಂತರ ಹಣ್ಣು. ಎಲೆ ಮುದುರಿದ, ಎಲೆಯಲ್ಲಿ ಮಚ್ಚೆ ಬಿದ್ದ ಗಿಡದ ಒಂದೇ ಒಂದು ದೊಡ್ಡ ಹಣ್ಣಿಗೆ ಮರುಳಾಗಬಾರದು. ಕೆಲವು ನಂಜುರೋಗಗಳು ಬೀಜದೊಂದಿಗೇ ಮುಂದಿನ ವರ್ಷಕ್ಕೆ ದಾಟುತ್ತವೆ. ಆರೋಗ್ಯವಾದ ಗಿಡದಲ್ಲೇ ಪೂರ್ಣ ಮಾಗಿದ ಹಣ್ಣನ್ನು ಹೆಚ್ಚಿ, ಬೀಜವನ್ನು ಲೋಳೆಸಮೇತ ಗಾಜಿನ ಲೋಟಕ್ಕೆ ಹಿಂಡಬೇಕು. ಈ ಲೋಳೆ ಮೊಳಕೆಯನ್ನು ತಡೆಯುತ್ತದೆ. ಹಣ್ಣಿನೊಳಗೆ ಬೀಜ ಮೊಳೆಯದಂತೆ ಪ್ರಕೃತಿ ಮಾಡಿದ ಏರ್ಪಾಡು ಇದು. ಲೋಟವನ್ನು ಎರಡು ಮೂರು ದಿನ ನೆರಳಿನಲ್ಲಿಟ್ಟರೆ ಹುಳಿತು ಮೇಲೆ ಕೆನೆ ಕಟ್ಟುತ್ತದೆ. ವಾಸನೆ ಹಿತಕರವಲ್ಲದ ಕಾರಣ ಅಡುಗೆಮನೆಯಿಂದ ದೂರವಿಡುವುದು ಮೇಲು. ಮುಂಬಯಿ, ಚೆನ್ನೈಗಳ ಸೆಕೆಯಲ್ಲಿ ಎರಡು ದಿನವೇ ಸಾಕು. ಹೆಚ್ಚು ಬಿಟ್ಟರೆ ಬೀಜ ಲೋಟದಲ್ಲೇ ಮೊಳೆಯತೊಡಗುತ್ತದೆ. ಅನಂತರ ನೀರು ಹಾಕಿ ಕದಡಿದಾಗ ಗಟ್ಟಿ ಬೀಜ ತಳದಲ್ಲಿ ನಿಲ್ಲುತ್ತದೆ, ಜೊಳ್ಳು ತೇಲುತ್ತದೆ. ತೊಳೆದ ಬೀಜವನ್ನು ಪಿಂಗಾಣಿ ತಟ್ಟೆಯ ಮೇಲೆ ತೆಳುವಾಗಿ ಹರಡಿ ನೆರಳಿನಲ್ಲಿ ಒಣಗಿಸಬೇಕು. ಕಾಗದದ ಮೇಲೆ ಹರಡಿದರೆ ಅಂಟಿಕೊಳ್ಳುತ್ತದೆ.

ಬೀಜಕ್ಕೆ ನಿಜವಾದ ಶತ್ರು ತೇವ. ಬೀಜದೊಳಗಿನ ತೇವಾಂಶ ಶೇ. 1ರಷ್ಟು ಇಳಿದರೆ ಅದರ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆಂದು ಬೀಜವಿಜ್ಞಾನ ಹೇಳುತ್ತದೆ. ಚೆನ್ನಾಗಿ ಒಣಗಿದ ಬೀಜವನ್ನು ಬಿಗಿ ಮುಚ್ಚಳದ ಗಾಜಿನ ಸೀಸೆಯಲ್ಲಿ ತಂಪಾದ ಸ್ಥಳದಲ್ಲಿಟ್ಟರೆ ನಾಲ್ಕು ವರ್ಷದವರೆಗೂ ಮೊಳೆಯಬಲ್ಲದು. ಕಡಲತೀರದ ನಗರಗಳಲ್ಲಿ ತೆರೆದ ಡಬ್ಬಿಯಲ್ಲಿಟ್ಟ ಬೀಜ ಬೇಗ ಕೆಡುತ್ತದೆ. ಎಲ್ಲ ಬೀಜವನ್ನೂ ಒಂದೇ ವರ್ಷ ಬಿತ್ತಿಬಿಡದೆ ಅರ್ಧವನ್ನು ಕಾದಿಡಬೇಕು. ಒಂದು ಬೆಳೆ ಕೈಕೊಟ್ಟರೂ ತಳಿ ಕೈತಪ್ಪದು.

ಊರಿನ ಹಂಗಾಮು ನಗರಕ್ಕೆ ಹೊಂದದಿರಬಹುದು. ರಾತ್ರಿಯ ಸೆಕೆ ಹೆಚ್ಚಾದರೆ ಟೊಮೇಟೊ ಹೂ ಉದುರಿಸುತ್ತದೆ. ಮುಂಬಯಿಯಲ್ಲಿ ಜೋರು ಮಳೆ ತಗ್ಗಿದ ಮೇಲೆ, ಚೆನ್ನೈನಲ್ಲಿ ಈಶಾನ್ಯ ಮಾರುತದ ಮಳೆ ಮುಗಿಯುತ್ತಿರುವಾಗ ಬಿತ್ತುವುದು ಅನುಕೂಲ. ದೆಹಲಿಯಲ್ಲಿ ನವೆಂಬರಿನಲ್ಲಿ ಬಿತ್ತಿ, ಸಸಿಗಳನ್ನು ಇಬ್ಬನಿ ಕೊರೆತದಿಂದ ಕಾಪಾಡಿ, ಜನವರಿಯ ಕೊನೆಗೆ ದೊಡ್ಡ ಕುಂಡಕ್ಕೆ ನೆಡಬಹುದು. ಪುಣೆ, ಹೈದರಾಬಾದುಗಳ ಹವೆ ಉತ್ತರ ಕರ್ನಾಟಕಕ್ಕೆ ಹತ್ತಿರವಿರುವುದರಿಂದ ಅಲ್ಲಿ ತೊಂದರೆ ಕಡಿಮೆ.

2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮವು ರೈತನಿಗೆ ಬೀಜವನ್ನು ಉಳಿಸುವ, ಮತ್ತೆ ಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ನೀಡಿದೆ. ಸಂರಕ್ಷಿತ ತಳಿಯ ಬೀಜವನ್ನು ಮುದ್ರೆಯೊತ್ತಿದ ಪೊಟ್ಟಣದಲ್ಲಿ ಮಾರುವಂತಿಲ್ಲ ಎಂಬುದಷ್ಟೇ ನಿರ್ಬಂಧ. ಸಾಂಪ್ರದಾಯಿಕ ತಳಿಯನ್ನು ಕಾಪಾಡುವವರೂ ಈ ಕಾಯಿದೆಯ ‘ರೈತ’ ಎಂಬ ವ್ಯಾಖ್ಯೆಯೊಳಗೆ ಬರುತ್ತಾರೆ. ದೆಹಲಿಯ ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೋದ ಬೀಜಭಂಡಾರದಲ್ಲಿ ಬೀಜಗಳನ್ನು ಶೂನ್ಯಕ್ಕಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣತೆಯಲ್ಲಿ ದೀರ್ಘಕಾಲ ಇಡಲಾಗುತ್ತದೆ. ಅಲ್ಲಿ ಪ್ರತಿ ಮಾದರಿಯೊಂದಿಗೂ ಅದು ದೊರೆತ ಸ್ಥಳದ ವಿವರವನ್ನು ದಾಖಲಿಸುವುದುಂಟು. ಮನೆಯ ಸೀಸೆಗೂ ಅಂತಹ ಚೀಟಿ ಬೇಕು: ಬೀಜ ಬಂದ ಊರು, ಕೊಟ್ಟವರ ಹೆಸರು, ಅಲ್ಲಿ ಅದನ್ನು ಕರೆಯುವ ಹೆಸರು, ಬೀಜ ತೆಗೆದ ತಿಂಗಳು ಮತ್ತು ವರ್ಷ.