ಮಾನವ ಹಕ್ಕುಗಳ ಕಾನೂನು ಮತ್ತು ನಮ್ಮ ಹೊಣೆ

ಮನುಷ್ಯನ ಜೀವ, ಮಾನ ಮತ್ತು ಸ್ವಾತಂತ್ರ್ಯ ಯಾವ ಸರಕಾರವೂ ಕೊಟ್ಟ ದಾನವಲ್ಲ. ಅವು ಹುಟ್ಟಿನಿಂದಲೇ ಬಂದವು. ಅವುಗಳನ್ನು ಕಾಯುವುದು ಸರಕಾರದ ಕರ್ತವ್ಯ. ಆದರೆ ಬೇಲಿಯೇ ಎದ್ದು ಹೊಲ ಮೇಯ್ದರೆ ಬಡವನು ಯಾರಲ್ಲಿ ದೂರಬೇಕು? ಈ ಪ್ರಶ್ನೆಗೆ ಉತ್ತರ ಕೊಡಲು ನಮ್ಮ ದೇಶದಲ್ಲಿ ಬಂದ ಕಾನೂನೇ 1993ರ ಮಾನವ ಹಕ್ಕುಗಳ ಸಂರಕ್ಷಣಾ ಅಧಿನಿಯಮ.

ಕಾನೂನಿನ ತಿರುಳು

ಜೀವ, ಸ್ವಾತಂತ್ರ್ಯ, ಸಮಾನತೆ ಮತ್ತು ವ್ಯಕ್ತಿಯ ಘನತೆಗೆ ಸಂಬಂಧಿಸಿದ ಹಕ್ಕುಗಳನ್ನೇ ಇದು ಮಾನವ ಹಕ್ಕುಗಳೆನ್ನುತ್ತದೆ. ಆದರೆ ಅವು ಸಂವಿಧಾನ ಖಾತ್ರಿಪಡಿಸಿದ ಅಥವಾ ಅಂತಾರಾಷ್ಟ್ರೀಯ ಒಡಂಬಡಿಕೆಗಳಲ್ಲಿದ್ದು ಇಲ್ಲಿನ ನ್ಯಾಯಾಲಯಗಳು ಜಾರಿಗೊಳಿಸಬಲ್ಲ ಹಕ್ಕುಗಳಾಗಿರಬೇಕು. ಇದರಂತೆ 1993ರ ಅಕ್ಟೋಬರ್ 12ರಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ಥಾಪನೆಯಾಯಿತು. ನ್ಯಾಯಮೂರ್ತಿ ರಂಗನಾಥ ಮಿಶ್ರಾ ಮೊದಲ ಅಧ್ಯಕ್ಷರು. ಅವರ ನಂತರ 1996ರಿಂದ 1999ರವರೆಗೆ ಆ ಸ್ಥಾನದಲ್ಲಿದ್ದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ನಮ್ಮ ರಾಜ್ಯದ ಆಯೋಗ 2007ರಲ್ಲಿ ಕಾರ್ಯಾರಂಭ ಮಾಡಿತು.

ಶಕ್ತಿ ಮತ್ತು ಮಿತಿ

ವಿಚಾರಣೆಯ ವೇಳೆ ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಆಯೋಗಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಲಾಕಪ್ಪಿನಲ್ಲಿ ಯಾರಾದರೂ ಸತ್ತರೆ 24 ಗಂಟೆಗಳೊಳಗೆ ತನಗೆ ವರದಿಯಾಗಬೇಕೆಂದು ಅದು 1993ರ ಡಿಸೆಂಬರ್‌ನಲ್ಲೇ ಸೂಚಿಸಿತು. ಮುಚ್ಚಿಹೋಗಬಹುದಾದ ಸಾವಿಗೆ ಲೆಕ್ಕ ಕೇಳುವವರೊಬ್ಬರಿದ್ದಾರೆ ಎಂಬುದು ಸಣ್ಣ ಮಾತಲ್ಲ. ಆದರೆ ಆಯೋಗ ತಾನೇ ಶಿಕ್ಷೆ ವಿಧಿಸಲಾರದು. ಪರಿಹಾರ ಕೊಡಿರಿ, ಮೊಕದ್ದಮೆ ಹೂಡಿರಿ ಎಂದು ಸರಕಾರಕ್ಕೆ ಶಿಫಾರಸು ಮಾಡಬಹುದು. ಅಗತ್ಯವಿದ್ದರೆ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿಗೆ ಹೋಗಬಹುದು. ಘಟನೆ ನಡೆದು ಒಂದು ವರ್ಷ ಕಳೆದರೆ ಅದನ್ನು ವಿಚಾರಿಸುವಂತಿಲ್ಲ.

ದೂರು ಕೊಡುವವರು ಯಾರು?

ಇಲ್ಲಿ ಓದುಗರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಮರ್ದಿತನೇ ದೂರು ಕೊಡಬೇಕೆಂದಿಲ್ಲ. ಅವನ ಪರವಾಗಿ ಯಾರೂ ಕೊಡಬಹುದು. ಶುಲ್ಕವಿಲ್ಲ. ಕನ್ನಡದಲ್ಲೇ ಬರೆಯಬಹುದು. ಆದರೆ ಹೆಸರಿಲ್ಲದ ಅಥವಾ ಸುಳ್ಳು ಹೆಸರಿನ ಅರ್ಜಿಗಳನ್ನೂ ಅಸ್ಪಷ್ಟ ಆರೋಪಗಳನ್ನೂ ಆಯೋಗ ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಅಂದರೆ ಈ ಕಾನೂನಿಗೆ ಜೀವ ಬರುವುದು ಕಂಡದ್ದನ್ನು ಕಂಡಂತೆ ಬರೆದು, ಕೆಳಗೆ ತನ್ನ ಹೆಸರು ಹಾಕುವ ಮನುಷ್ಯನಿಂದ.

ಅಂಥವರು ನಮ್ಮಲ್ಲಿ ಎಷ್ಟು ಮಂದಿಯಿದ್ದಾರೆ? ನೆರೆಮನೆಯ ಹುಡುಗನನ್ನು ಠಾಣೆಗೆ ಒಯ್ದು 24 ಗಂಟೆ ಕಳೆದರೂ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸದಿದ್ದರೆ, ‘ನಮಗೇಕೆ ಇಲ್ಲದ ಉಸಾಬರಿ’ ಎಂದು ಕದ ಮುಚ್ಚುವವರೇ ಹೆಚ್ಚು. ‘ಅವನು ಕಳ್ಳ, ಅವನಿಗೇನು ಹಕ್ಕು?’ ಎನ್ನುವವರೂ ಇದ್ದಾರೆ. ಕಳ್ಳನಾದರೆ ಶಿಕ್ಷೆ ಕೊಡಬೇಕಾದದ್ದು ನ್ಯಾಯಾಲಯ, ಲಾಠಿಯಲ್ಲ. ತಪ್ಪು ಮಾಡಿದವನಿಗೂ ಇರುವುದರಿಂದಲೇ ಅದನ್ನು ಮಾನವ ಹಕ್ಕು ಎನ್ನುತ್ತೇವೆ. ಒಳ್ಳೆಯವರಿಗೆ ಮಾತ್ರ ಸಿಗುವುದಾದರೆ ಅದು ಬಹುಮಾನವಾದೀತು.

ಇನ್ನೊಂದು ಪರೀಕ್ಷೆಯೂ ಇದೆ. ನಮ್ಮವನಿಗೆ ಏಟು ಬಿದ್ದಾಗ ಕೂಗುವ ನಾವು, ಬೇರೆ ಜಾತಿಯ, ಬೇರೆ ಧರ್ಮದ, ನಮ್ಮೊಡನೆ ಜಗಳವಾಡಿದ ಮನುಷ್ಯನಿಗೆ ಏಟು ಬಿದ್ದಾಗ ಏನು ಮಾಡುತ್ತೇವೆ? ನ್ಯಾಯಪ್ರೀತಿ ನಿಜವೋ ಸ್ವಪಕ್ಷಪ್ರೀತಿ ಮಾತ್ರವೋ ಎಂಬುದು ಗೊತ್ತಾಗುವುದು ಅಲ್ಲಿಯೇ. ದ್ವೇಷಕ್ಕಾಗಿ ಸುಳ್ಳು ದೂರು ಬರೆಯುವುದೂ, ಭಯಕ್ಕಾಗಿ ನಿಜವಾದ ದೂರನ್ನು ಬರೆಯದಿರುವುದೂ ಅನ್ಯಾಯಕ್ಕೆ ನೆರವಾಗುವ ಎರಡು ದಾರಿಗಳೇ. ಎರಡರಿಂದಲೂ ದೂರವಿರೋಣ.