ಡ್ರಾಯರಿನಲ್ಲಿ ಏನಿದೆ ಎಂದು ಮೊದಲು ಕೇಳು

ಬೆಂಗಳೂರಿನಲ್ಲಿ ಪಿಎಚ್‌ಡಿ ಮುಗಿಸಿದ ನನ್ನ ತಮ್ಮನ ಮಗಳು ಈಗ ಚಿಕಾಗೊ, ಡೆಟ್ರಾಯಿಟ್ ಕಡೆ ಪೋಸ್ಟ್‌ಡಾಕ್ ಹುಡುಕುತ್ತಿದ್ದಾಳೆ. ಕಾಡುಪ್ರಾಣಿಗಳ ಜೀನೋಮ್ ಮತ್ತು ವಿಕಾಸ ಅವಳ ವಿಷಯ. "ದೊಡ್ಡಪ್ಪ, ನೀವು ಅಲ್ಲೇ ಇದ್ದೀರಲ್ಲ, ಏನಾದರೂ ಹೇಳಿ" ಅಂದಳು. ಮಿಶಿಗನ್ನಿನ ಲ್ಯಾಬುಗಳಲ್ಲಿ ಮೂವತ್ತು ವರ್ಷ ದುಡಿದವನು ನಾನು. ಅವಳಿಗೆ ಬರೆದದ್ದು ಅದೇ ದಾರಿ ಹಿಡಿದ ಬೇರೆ ಮಕ್ಕಳಿಗೂ ಆಗಲಿ.

• ಪುಟ್ಟಿ, ವಿಶ್ವವಿದ್ಯಾಲಯದ ಹೆಸರು ನೋಡಿ ಅರ್ಜಿ ಹಾಕಬೇಡ. ಅಲ್ಲಿ ನಿನ್ನ ಕೈಗೆ ಯಾವ ಸ್ಯಾಂಪಲ್ ಸಿಗುತ್ತದೆ ಎಂದು ಮೊದಲು ಕೇಳು. ಸೀಕ್ವೆನ್ಸಿಂಗನ್ನು ದುಡ್ಡು ಕೊಟ್ಟು ಎಲ್ಲಿ ಬೇಕಾದರೂ ಮಾಡಿಸಬಹುದು. ನಲವತ್ತು ವರ್ಷ ಒಂದೊಂದಾಗಿ ಡ್ರಾಯರಿನಲ್ಲಿ ಕೂಡಿಟ್ಟ ಸಂಗ್ರಹ ಹಾಗೆ ಸಿಗುವುದಿಲ್ಲ. ಚಿಕಾಗೊದ ಫೀಲ್ಡ್ ಮ್ಯೂಸಿಯಂನ ಡೇವಿಡ್ ವಿಲ್ಲರ್ಡ್ 1978ರಲ್ಲಿ, ಸರೋವರದ ದಂಡೆಯ ಮೆಕಾರ್ಮಿಕ್ ಪ್ಲೇಸ್ ಕಟ್ಟಡದ ಗಾಜಿಗೆ ಬಡಿದು ಸತ್ತ ವಲಸೆ ಹಕ್ಕಿಗಳನ್ನು ಆರಿಸಿ ತರಲು ಶುರು ಮಾಡಿದರು. ಒಂದೊಂದು ಹಕ್ಕಿಯನ್ನೂ ತಾವೇ ಅಳೆದು ಪುಸ್ತಕದಲ್ಲಿ ಬರೆದಿಟ್ಟರು. 2016ರವರೆಗಿನ 52 ಪ್ರಭೇದಗಳ 70,716 ಹಕ್ಕಿಗಳ ಆ ಲೆಕ್ಕದಿಂದ 2019ರಲ್ಲಿ ಒಂದು ಪ್ರಬಂಧ ಬಂತು. ಹಕ್ಕಿಗಳ ಮೈ ಕುಗ್ಗುತ್ತಿದೆ, ಕಾಲಿನ ಮೂಳೆ ಶೇಕಡಾ 2.4ರಷ್ಟು ಗಿಡ್ಡವಾಗಿದೆ, ರೆಕ್ಕೆ ಶೇಕಡಾ 1.3ರಷ್ಟು ಉದ್ದವಾಗಿದೆ. ಈ ಬದಲಾವಣೆ ಜೀನಿನಲ್ಲೇ ಆಗಿದೆಯೋ, ಮರಿ ಬೆಳೆಯುವಾಗಿನ ಸೆಖೆಯಿಂದ ಆಗಿದೆಯೋ ಎನ್ನುವುದನ್ನು ಅಳತೆಗೋಲು ಹೇಳಲಾರದು. ನಿನ್ನಂಥವರ ಕೆಲಸ ಶುರುವಾಗುವುದೇ ಅಲ್ಲಿ.

• ಆ ಪ್ರಬಂಧದ ಮೊದಲ ಲೇಖಕ ಬ್ರಯನ್ ವೀಕ್ಸ್, ಕೊನೆಯ ಲೇಖಕ ಬೆನ್ ವಿಂಗರ್. ಇಬ್ಬರೂ ಆನ್ ಆರ್ಬರಿನ ಮಿಶಿಗನ್ ವಿಶ್ವವಿದ್ಯಾಲಯದವರು. ಹಕ್ಕಿ ಚಿಕಾಗೊದ್ದು, ಲೆಕ್ಕ ಹಾಕಿದ್ದು ಡೆಟ್ರಾಯಿಟ್ ಪಕ್ಕದಲ್ಲಿ. ಹಾಗಾಗಿ ಎರಡೂ ಊರನ್ನು ಒಂದೇ ಸೀಮೆ ಎಂದು ತಿಳಿ. ನಡುವೆ ಸುಮಾರು 450 ಕಿಲೋಮೀಟರ್. ಆಮ್‌ಟ್ರ್ಯಾಕ್‌ನ ವುಲ್ವರಿನ್ ರೈಲು ಚಿಕಾಗೊ ಬಿಟ್ಟು ಆನ್ ಆರ್ಬರ್ ಹಾದು ಡೆಟ್ರಾಯಿಟ್‌ಗೆ ಬರುತ್ತದೆ. ಇಲ್ಲಿನ ಲ್ಯಾಬಿಗೆ ಸೇರಿಕೊಂಡು ಅಲ್ಲಿನ ಸಂಗ್ರಹದಲ್ಲಿ ಕೆಲಸ ಮಾಡುವುದು ಆಗುವ ಮಾತು. ಒಂದು ಗಡಿಯಾರದ ವಿಷಯ: ಚಿಕಾಗೊ ನಮಗಿಂತ ಒಂದು ಗಂಟೆ ಹಿಂದೆ. ಸಂದರ್ಶನದ ಹೊತ್ತು ಗೊತ್ತು ಮಾಡುವಾಗ ಯಾರ ಹತ್ತು ಗಂಟೆ ಎಂದು ಕೇಳಿಕೋ.

• ನಮ್ಮ ಕಾಡಿನ ಕೆಲಸಕ್ಕೆ ಅಮೆರಿಕದಲ್ಲಿ ಬೆಲೆಯಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡ. 2008ರಲ್ಲಿ 169 ಪ್ರಭೇದಗಳ ಡಿಎನ್‌ಎ ಹೋಲಿಸಿ ಹಕ್ಕಿಗಳ ವಂಶವೃಕ್ಷವನ್ನೇ ತಿದ್ದಿದ ಪ್ರಬಂಧ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಫೀಲ್ಡ್ ಮ್ಯೂಸಿಯಂನ ಶಾನನ್ ಹ್ಯಾಕೆಟ್ ಅದರ ಮೊದಲ ಲೇಖಕಿ, ಜೊತೆಯಲ್ಲಿ ಸುಷ್ಮಾ ರೆಡ್ಡಿ ಇದ್ದರು. ರೆಡ್ಡಿಯವರು ಮುಂದೆ ಚಿಕಾಗೊದ ಲೊಯೋಲಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದಾಗಲೇ ವಿ. ವಿ. ರಾಬಿನ್, ಬೆಂಗಳೂರಿನ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ಮೊದಲಾದವರೊಡನೆ ಪಶ್ಚಿಮ ಘಟ್ಟದ ಶೋಲಾ ಕಾಡಿನ ಹಕ್ಕಿಗಳನ್ನು ಪರೀಕ್ಷಿಸಿದರು. 2017ರಲ್ಲಿ ಶೋಲಿಕೋಲ, ಮೊಂಟೆಸಿಂಕ್ಲ ಎಂಬ ಎರಡು ಹೊಸ ಕುಲಗಳೇ ಹುಟ್ಟಿದವು. ನಮ್ಮ ಬಾಬಾಬುಡನ್‌ಗಿರಿಯ ಶೋಲಾದಲ್ಲಿ ನೀನು ಚಿಕ್ಕವಳಿದ್ದಾಗ ಬೆರಳು ಮಾಡಿ ತೋರಿಸಿದ ಆ ನೀಲಿ ಹಕ್ಕಿ ಈಗ ಶೋಲಿಕೋಲ. ಅರ್ಜಿಯಲ್ಲಿ ಆ ಕಾಡನ್ನು ಮುಚ್ಚಿಡಬೇಡ, ಮೊದಲ ಪ್ಯಾರಾದಲ್ಲೇ ಬರೆ.

• ಪ್ರಾಣಿ ಬದಲಾದರೆ ಹೆದರಬೇಡ. ಸುಪೀರಿಯರ್ ಸರೋವರದ ಐಲ್ ರಾಯಲ್ ದ್ವೀಪದ ತೋಳಗಳನ್ನು 1958ರಿಂದ ನೋಡುತ್ತಾ ಬಂದಿದ್ದಾರೆ. 1997ರಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ನಡೆದು ಬಂದ ಒಂದೇ ಒಂದು ಗಂಡು ತೋಳ ಆ ಹಿಂಡುಗಳಿಗೆ ಹೊಸ ರಕ್ತ ತಂದಿತು; ಆದರೂ ಕೆಲವು ತಲೆಮಾರಿನಲ್ಲಿ ಒಳಸಂಬಂಧ ಮತ್ತೆ ಬಿಗಿದು, ಬೆನ್ನುಮೂಳೆ ಸೊಟ್ಟಗಾಗಿ, ಕಡೆಗೆ ಎರಡೇ ಉಳಿದವು. 2018–19ರಲ್ಲಿ ಹೊರಗಿನಿಂದ 19 ತೋಳಗಳನ್ನು ತಂದು ಬಿಡಬೇಕಾಯಿತು. ಒಡಿಶಾದ ಸಿಮಿಲಿಪಾಲದಲ್ಲಿ ಕಪ್ಪು ಪಟ್ಟೆ ಅಗಲವಾದ ಹುಲಿಗಳ ಹಿಂದಿರುವ ಜೀನನ್ನು ಎನ್‌ಸಿಬಿಎಸ್ ತಂಡ 2021ರಲ್ಲಿ ಗುರುತಿಸಿತಲ್ಲ, ಅಲ್ಲಿಯದೂ ಒಂಟಿಯಾದ ಸಣ್ಣ ಹಿಂಡಿನ ಕತೆಯೇ. ನೀನು ಪಿಎಚ್‌ಡಿಯಲ್ಲಿ ಕಲಿತದ್ದು ಹುಲಿಯನ್ನಷ್ಟೇ ಅಲ್ಲ, ಒಂಟಿಯಾದ ಸಣ್ಣ ಹಿಂಡಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು.

• ಕಾನೂನು. ಇದನ್ನು ಎರಡು ಸಲ ಓದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ, ಭಾರತದ ಪ್ರಜೆಯೇ ಆದರೂ ಆದಾಯ ತೆರಿಗೆ ಲೆಕ್ಕದಲ್ಲಿ ಅನಿವಾಸಿಯಾದವಳು ನಮ್ಮ ಜೀವಸಂಪತ್ತನ್ನು ಸಂಶೋಧನೆಗೆ ಬಳಸಲು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಪಡೆಯಬೇಕು. "ನನ್ನ ಪಿಎಚ್‌ಡಿಯ ಸ್ಯಾಂಪಲ್ ತಾನೇ" ಎಂದು ಟ್ಯೂಬುಗಳನ್ನು ಬ್ಯಾಗಿಗೆ ಹಾಕಿಕೊಂಡು ವಿಮಾನ ಹತ್ತಬೇಡ. ಹುಲಿ, ಚಿರತೆಯಂಥವುಗಳ ರಕ್ತವಿರಲಿ, ಕೂದಲಿಗೂ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪರವಾನಗಿ ಬೇಕು.

• ಅನುದಾನದಲ್ಲಿ ಇನ್ನೆಷ್ಟು ತಿಂಗಳ ಸಂಬಳ ಉಳಿದಿದೆ ಎಂದು ನೇರವಾಗಿ ಕೇಳು. ನಾನು ಬಂದ ಹೊಸತರಲ್ಲಿ ಸಂಕೋಚಪಟ್ಟು ಕೇಳಲಿಲ್ಲ. ಹನ್ನೊಂದನೇ ತಿಂಗಳಿಗೆ ದುಡ್ಡು ಮುಗಿಯಿತು. ನಿನ್ನ ದೊಡ್ಡಮ್ಮ ಬಸುರಿ, ಜನವರಿಯ ಹಿಮ, ಕೈಯಲ್ಲಿ ಕೆಲಸವಿಲ್ಲ. 2025ರಲ್ಲಿ ಇಲ್ಲಿನ ಸರ್ಕಾರದ ಸಂಶೋಧನಾ ಸಂಸ್ಥೆಗಳಾದ ಎನ್‌ಐಎಚ್, ಎನ್‌ಎಸ್‌ಎಫ್‌ಗಳ ಎಷ್ಟೋ ಅನುದಾನ ನಡುದಾರಿಯಲ್ಲೇ ರದ್ದಾದ ಮೇಲಂತೂ ಈ ಪ್ರಶ್ನೆಗೆ ಯಾರೂ ಮುಖ ಗಂಟಿಕ್ಕುವುದಿಲ್ಲ. ಸಂಬಳ ತೂಗಿ ನೋಡಲು ಎನ್‌ಐಎಚ್‌ನ 2025ರ ಮೊದಲ ವರ್ಷದ ದರ, 62,232 ಡಾಲರ್, ನೆನಪಿರಲಿ.

• ಎನ್‌ಎಸ್‌ಎಫ್‌ನ ಜೀವಶಾಸ್ತ್ರದ ಪೋಸ್ಟ್‌ಡಾಕ್ ಫೆಲೋಶಿಪ್ ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಅದರ ಹಿಂದೆ ಹೋಗಿ ಸಮಯ ಕಳೆಯಬೇಡ. ಬದಲಿಗೆ ಎಚ್‌ಎಫ್‌ಎಸ್‌ಪಿ (ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂ) ಫೆಲೋಶಿಪ್ ನೋಡು. ಕಂಪ್ಯೂಟರ್ ಲೆಕ್ಕದಲ್ಲಿ ನಿನ್ನ ಕೈ ಗಟ್ಟಿ. ವಿಜ್ಞಾನದಲ್ಲಿ ಎಐ ಬಳಸುವವರಿಗೆಂದು 2022ರಲ್ಲಿ ಶುರುವಾದ ಶ್ಮಿಟ್ ಫೆಲೋಶಿಪ್‌ಗೆ ಆರಿಸಿದ ಒಂಬತ್ತು ವಿಶ್ವವಿದ್ಯಾಲಯಗಳಲ್ಲಿ ಚಿಕಾಗೊ, ಮಿಶಿಗನ್ ಎರಡೂ ಇವೆ.

• ವೀಸಾ ಜೆ-1 ಎಂದಾದರೆ ಸಂಶೋಧಕರಿಗೆ ಹೆಚ್ಚೆಂದರೆ ಐದು ವರ್ಷ. ಅದೇ ವಿಭಾಗದಲ್ಲಿ ಒಮ್ಮೆ ಬಂದು ಮುಗಿಸಿ ಹೋದರೆ 24 ತಿಂಗಳು ಮತ್ತೆ ಬರುವಂತಿಲ್ಲ. ಆರು ತಿಂಗಳ ಸಣ್ಣ ಭೇಟಿಗೆಂದು ಅದನ್ನು ಖರ್ಚು ಮಾಡಬೇಡ. ಮುಗಿದ ಮೇಲೆ ಎರಡು ವರ್ಷ ಊರಿನಲ್ಲಿರಬೇಕೆಂಬ ನಿಯಮದ ಕೌಶಲಪಟ್ಟಿಯಿಂದ ಭಾರತವನ್ನು 2024ರ ಡಿಸೆಂಬರಿನಲ್ಲಿ ಕೈಬಿಟ್ಟಿದ್ದಾರೆ, ಆದರೆ ಸರ್ಕಾರದ ದುಡ್ಡಿನಲ್ಲಿ ಬಂದರೆ ಆ ನಿಯಮ ತಪ್ಪದು. ಎಚ್-1ಬಿ ಮಾತು ಬಂದರೆ, 2025ರ ಸೆಪ್ಟೆಂಬರಿನ 1 ಲಕ್ಷ ಡಾಲರ್ ಶುಲ್ಕದ ಆದೇಶ ನಿನಗೆ ತಗಲುತ್ತದೆಯೇ ಎಂದು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಚೇರಿಯಿಂದಲೇ ಬರಹದಲ್ಲಿ ತಿಳಿದುಕೋ.

• ಪ್ರೊಫೆಸರಿಗೆ ಬರೆಯುವ ಇಮೇಲ್ ಮೂರು ಪ್ಯಾರಾ ಮೀರದಿರಲಿ. ಅವರ ಸಾಧನೆ ಹೊಗಳಬೇಡ. ಅವರ ಒಂದು ಪ್ರಬಂಧದಲ್ಲಿ ಬಿಟ್ಟುಹೋದ ಪ್ರಶ್ನೆ ಯಾವುದು, ಅದನ್ನು ನೀನು ಹೇಗೆ ಹಿಡಿಯುತ್ತೀಯ, ಅಷ್ಟು ಬರೆ. ಎರಡು ವಾರ ಉತ್ತರ ಬಾರದಿದ್ದರೆ ಇನ್ನೊಮ್ಮೆ ಬರೆ, ಅದರಲ್ಲಿ ತಪ್ಪಿಲ್ಲ.

• ಒಪ್ಪಿಕೊಳ್ಳುವ ಮೊದಲು ಆ ಲ್ಯಾಬ್ ಬಿಟ್ಟುಹೋದ ಇಬ್ಬರ ಜೊತೆ ಫೋನಿನಲ್ಲಿ ಮಾತಾಡು. ಈಗ ಇರುವವರು ಎಲ್ಲವನ್ನೂ ಹೇಳಲಾರರು.

• ಮನೆ ಹುಡುಕುವಾಗ ಚಿಕಾಗೊದಲ್ಲಿ ವಿದ್ಯಾರಣ್ಯ ಕನ್ನಡ ಕೂಟದವರನ್ನು, ಈ ಕಡೆ ಪಂಪ ಕನ್ನಡ ಕೂಟದವರನ್ನು ಕೇಳು. ದಪ್ಪ ಕೋಟು ಬೆಂಗಳೂರಿನಿಂದ ಕೊಂಡು ತರಬೇಡ, ಅದು ಇಲ್ಲಿಯ ಗಾಳಿಗೆ ಸಾಲದು. ಡೆಟ್ರಾಯಿಟ್ ವಿಮಾನ ನಿಲ್ದಾಣಕ್ಕೆ ನಮ್ಮ ಮನೆಯಿಂದ ಕಾಲು ಗಂಟೆ. ಟಿಕೆಟ್ ಅಲ್ಲಿಗೇ ಮಾಡಿಸು, ನಿನ್ನ ದೊಡ್ಡಮ್ಮನ ಕೋಟು ಹಿಡಿದು ನಾನು ಬಾಗಿಲಲ್ಲಿ ನಿಂತಿರುತ್ತೇನೆ.