ಬಯಲಿನ ಓಟಗಾರನ ಬೇಟೆ



ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಹತ್ತಿರ ಕೃಷ್ಣಮೃಗಗಳಿವೆ. ನಿಮ್ಮಲ್ಲಿ ಕೆಲವರು ನೋಡಿರಬಹುದು. ಮನುಷ್ಯನ ಸುಳಿವು ಸಿಕ್ಕರೆ ಸಾಕು, ಚಂಗನೆ ನೆಗೆದು ಓಡುತ್ತವೆ. ಅಮೆರಿಕದ ಹುಲ್ಲು ಬಯಲಿನಲ್ಲೂ ಇಂಥ ಒಂದು ಪ್ರಾಣಿ ಇದೆ. ಅದರ ಹೆಸರು ಪ್ರಾಂಗ್‌ಹಾರ್ನ್. ಕವಲು ಒಡೆದ ಕೊಂಬು ಎಂದು ಇದರ ಅರ್ಥ. ನಾವು ಈ ಪಾಠದಲ್ಲಿ ಅದನ್ನು ಕವಲುಕೊಂಬು ಎಂದೇ ಕರೆಯೋಣ.

ಈ ಪ್ರಾಣಿಯನ್ನು ಜನ ಹೇಗೆ ಬೇಟೆಯಾಡಿದರು? ಅದು ಅಳಿಯುವ ಹಂತಕ್ಕೆ ಬಂದದ್ದು ಹೇಗೆ? ಮತ್ತೆ ಉಳಿದದ್ದು ಹೇಗೆ? ಓದಿ ತಿಳಿಯೋಣ.

ಪ್ರಾಣಿಯ ಪರಿಚಯ

ಕವಲುಕೊಂಬು 40ರಿಂದ 60 ಕಿಲೋ ತೂಗುತ್ತದೆ. ಮೈ ಕಂದು, ಹೊಟ್ಟೆ ಬಿಳಿ. ಹಿಂಭಾಗದಲ್ಲಿ ದೊಡ್ಡ ಬಿಳಿ ಮಚ್ಚೆ ಇರುತ್ತದೆ. ಅಪಾಯ ಕಂಡರೆ ಆ ಬಿಳಿ ಕೂದಲನ್ನು ನಿಮಿರಿಸುತ್ತದೆ. ದೂರದಲ್ಲಿರುವ ಜೊತೆಗಾರರಿಗೆ ಅದೇ ಎಚ್ಚರಿಕೆ. ಕೊಂಬಿನ ಮೇಲಿನ ಹೊದಿಕೆ ವರ್ಷಕ್ಕೊಮ್ಮೆ ಕಳಚಿ ಬೀಳುತ್ತದೆ. ಒಳಗಿನ ಎಲುಬು ಹಾಗೇ ಉಳಿಯುತ್ತದೆ.

ಇದರ ಓಟ ನೋಡ್ರಿ! ಗಂಟೆಗೆ ಸುಮಾರು 88 ಕಿಲೋಮೀಟರ್. ಹೆದ್ದಾರಿಯಲ್ಲಿ ಓಡುವ ಬಸ್ಸನ್ನೂ ಹಿಂದೆ ಹಾಕುತ್ತದೆ. ಕಣ್ಣು ದೊಡ್ಡದು, ನೋಟ ಬಹು ಚುರುಕು. ಬಯಲಿನಲ್ಲಿ ಮರವಿಲ್ಲ, ಮರೆಯಿಲ್ಲ. ಹೀಗಿರುವಾಗ ಇದನ್ನು ಹಿಡಿಯುವುದು ಸುಲಭವೇ?

ಹಳೆಯ ಕಾಲದ ಬೇಟೆ

ಅಮೆರಿಕದ ಮೂಲ ಜನ ಸಾವಿರಾರು ವರ್ಷ ಈ ಪ್ರಾಣಿಯನ್ನು ಬೇಟೆಯಾಡಿದರು. ಅವರಿಗೆ ಇದರ ಗುಣ ಚೆನ್ನಾಗಿ ಗೊತ್ತಿತ್ತು. ಕವಲುಕೊಂಬಿಗೆ ಕುತೂಹಲ ಜಾಸ್ತಿ. ಬೇಟೆಗಾರ ಹುಲ್ಲಿನಲ್ಲಿ ಮಲಗಿ ತೊಗಲಿನ ತುಂಡನ್ನೋ ಬಟ್ಟೆಯನ್ನೋ ಮೆಲ್ಲಗೆ ಬೀಸುತ್ತಿದ್ದ. ಇದೇನಪ್ಪಾ ಎಂದು ನೋಡಲು ಪ್ರಾಣಿ ಹತ್ತಿರ ಬರುತ್ತಿತ್ತು.

ಇನ್ನೊಂದು ಗುಣ ಇದೆ. ಇದು ಓಡುವುದರಲ್ಲಿ ಗಟ್ಟಿ, ಆದರೆ ಬೇಲಿ ಹಾರುವುದು ಅಪರೂಪ. ಶೋಶೋನಿ, ಪೈಯೂಟ್ ಎಂಬ ಜನ ಗಿಡಗಂಟಿಗಳಿಂದ ಉದ್ದನೆಯ ಬೇಲಿ ಕಟ್ಟುತ್ತಿದ್ದರು. ಬೇಲಿಯ ಕೊನೆಗೆ ಒಂದು ದೊಡ್ಡಿ. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಕೂಡಿ ಹಿಂಡನ್ನು ಅತ್ತ ಓಡಿಸುತ್ತಿದ್ದರು. ಮಾಂಸ ಊಟಕ್ಕೆ, ತೊಗಲು ಉಡಲಿಕ್ಕೆ. ಒಂದು ಸಲ ದೊಡ್ಡ ಬೇಟೆ ಆದರೆ ಅಲ್ಲಿ ಹಿಂಡು ಮತ್ತೆ ಬೆಳೆಯಲು ಹಲವು ವರ್ಷ ಬೇಕು. ಅಲ್ಲಿಯತನಕ ಕಾಯಬೇಕಿತ್ತು.

ಲೆಕ್ಕವಿಲ್ಲದ ಬೇಟೆ

1800ರ ನಂತರ ಬಯಲಿಗೆ ಹೊಸ ಜನ ಬಂದರು. ಬಂದೂಕು ಬಂತು. ರೈಲು ಬಂತು. ಮಾಂಸವನ್ನು ಊರೂರಿಗೆ ಮಾರತೊಡಗಿದರು. ಕೊಲ್ಲುವುದಕ್ಕೆ ಮಿತಿ ಇರಲಿಲ್ಲ. ಹುಲ್ಲುಗಾವಲು ಹೊಲವಾಯಿತು. ಎಲ್ಲ ಕಡೆ ಮುಳ್ಳುತಂತಿ ಬೇಲಿ ಎದ್ದಿತು.

ಮೊದಲು ಈ ಪ್ರಾಣಿಗಳು ಕೋಟಿಗಟ್ಟಲೆ ಇದ್ದವು ಎಂದು ಅಂದಾಜು. 1920ರ ದಶಕದ ಮೊದಲಲ್ಲಿ ಸರ್ಕಾರದವರು ಎಣಿಕೆ ಮಾಡಿದರು. ಉಳಿದದ್ದು ಸುಮಾರು 30 ಸಾವಿರ ಮಾತ್ರ!

ಲೆಕ್ಕವಿಟ್ಟ ಬೇಟೆ

ಆಗ ಜನ ಎಚ್ಚೆತ್ತರು. ಹಲವು ರಾಜ್ಯಗಳು ಬೇಟೆಯನ್ನೇ ನಿಲ್ಲಿಸಿದವು. 1931ರಲ್ಲಿ ನೆವಾಡಾ ರಾಜ್ಯದಲ್ಲಿ ಇವುಗಳಿಗಾಗಿ ರಕ್ಷಿತ ಜಾಗ ಮಾಡಿದರು. 1937ರಲ್ಲಿ ಒಂದು ಕಾನೂನು ಬಂತು. ಬಂದೂಕು, ಮದ್ದುಗುಂಡು ಕೊಂಡವರು ಕೊಡುವ ತೆರಿಗೆ ಕಾಡುಪ್ರಾಣಿಗಳ ರಕ್ಷಣೆಗೇ ಹೋಗಬೇಕು ಎಂದಾಯಿತು. ಹಿಂಡುಗಳು ನಿಧಾನವಾಗಿ ಬೆಳೆದವು. ಈಗ ಇವು ಲಕ್ಷಗಟ್ಟಲೆ ಇವೆ. ವಯೋಮಿಂಗ್ ರಾಜ್ಯದಲ್ಲಿ ಎಲ್ಲಕ್ಕಿಂತ ಹೆಚ್ಚು.

ಅಲ್ಲಿ ಇಂದಿಗೂ ಬೇಟೆ ಇದೆ. ಆದರೆ ಮನಸ್ಸಿಗೆ ಬಂದ ಹಾಗೆ ಅಲ್ಲ. ಮೊದಲು ವಿಮಾನದಿಂದ ಹಿಂಡುಗಳ ಎಣಿಕೆ. ಆಮೇಲೆ ಯಾವ ವಲಯದಲ್ಲಿ ಎಷ್ಟು ಪ್ರಾಣಿ ಹೊಡೆಯಬಹುದು ಎಂಬ ತೀರ್ಮಾನ. ಅಷ್ಟಕ್ಕೇ ಪರವಾನಗಿ ಚೀಟಿ. ಕೇಳುವವರು ಹೆಚ್ಚಾದರೆ ಲಾಟರಿ ಎತ್ತುತ್ತಾರೆ. ಯಾವ ವಲಯ, ಯಾವ ತಾರೀಖು, ಯಾವ ಬಗೆಯ ಪ್ರಾಣಿ ಎಂದು ನಿಯಮ ಇರುತ್ತದೆ. ಬೇಟೆಗಾರ ಅದನ್ನು ಓದಿ ನಡೆಯಬೇಕು. ಓದದೆ ತಪ್ಪಿದರೆ ದಂಡ. ಇನ್ನೊಬ್ಬರ ಜಮೀನಿಗೆ ಹೋಗಬೇಕಾದರೆ ಮಾಲೀಕನ ಒಪ್ಪಿಗೆ ಬೇಕು.

ಬೇಟೆ ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಬೇಟೆಗಾರ ದುರ್ಬೀನಿನಿಂದ ದೂರದ ಹಿಂಡನ್ನು ಹುಡುಕುತ್ತಾನೆ. ಹಳ್ಳ, ತಗ್ಗು ಹಿಡಿದು ಬಗ್ಗಿ ನಡೆಯುತ್ತಾನೆ. ಕೊನೆಗೆ ಹೊಟ್ಟೆಯ ಮೇಲೆ ತೆವಳುತ್ತಾನೆ. ಗಾಳಿ ಪ್ರಾಣಿಯ ಕಡೆಯಿಂದ ತನ್ನ ಕಡೆ ಬೀಸುವಂತೆ ನೋಡಿಕೊಳ್ಳುತ್ತಾನೆ. ಇಲ್ಲವಾದರೆ ವಾಸನೆ ಹತ್ತಿ ಹಿಂಡು ಓಡುತ್ತದೆ. ಬಿಲ್ಲು ಬಾಣದವರು ನೀರಿನ ಹೊಂಡದ ಬಳಿ ಮರೆ ಮಾಡಿಕೊಂಡು ಗಂಟೆಗಟ್ಟಲೆ ಕೂರುತ್ತಾರೆ. ಓಡುವ ಪ್ರಾಣಿಗೆ ಗುಂಡು ಹಾರಿಸುವುದು ಸರಿಯಲ್ಲ ಎಂದು ತಿಳಿದವರು ಹೇಳುತ್ತಾರೆ. ಗಾಯವಾದ ಪ್ರಾಣಿ ದೂರ ಹೋಗಿ ನರಳಿ ಸಾಯುತ್ತದೆ. ಆ ದಿನಗಳಲ್ಲಿ ಬಿಸಿಲು ಇರುವುದರಿಂದ ಮಾಂಸವನ್ನು ಬೇಗ ತಣ್ಣಗೆ ಮಾಡಬೇಕು. ತಿನ್ನುವ ಮಾಂಸವನ್ನು ಬಯಲಲ್ಲೇ ಬಿಟ್ಟು ಬರುವುದು ಅಲ್ಲಿ ಅಪರಾಧ.

ಇಂದಿನ ತೊಂದರೆ

2022–23ರ ಚಳಿಗಾಲದಲ್ಲಿ ವಯೋಮಿಂಗ್‌ನಲ್ಲಿ ಭಾರಿ ಹಿಮ ಬಿತ್ತು. ಮೇವು ಸಿಗದೆ ಸಾವಿರಾರು ಕವಲುಕೊಂಬುಗಳು ಸತ್ತವು. ಆಗ ಸರ್ಕಾರ ಪರವಾನಗಿ ಚೀಟಿಗಳನ್ನು ಕಡಿಮೆ ಮಾಡಿತು. ಲೆಕ್ಕ ಇಡುವುದರ ಉಪಯೋಗ ಇದೇ.

ಬೇಲಿ, ರಸ್ತೆಗಳೂ ಇವಕ್ಕೆ ಅಡ್ಡಿ. ಕೆಲವು ಹಿಂಡುಗಳು ಚಳಿಗಾಲಕ್ಕೆ 150 ಕಿಲೋಮೀಟರಿಗೂ ಹೆಚ್ಚು ದೂರ ವಲಸೆ ಹೋಗುತ್ತವೆ. ಈ ಪ್ರಾಣಿ ಬೇಲಿಯ ಕೆಳಗೆ ನುಸುಳುತ್ತದೆ. ಅದಕ್ಕೇ ಈಗ ಅನೇಕ ರೈತರು ಕೆಳಗಿನ ತಂತಿಯನ್ನು ನೆಲದಿಂದ ಮೊಳದಷ್ಟು ಎತ್ತರಕ್ಕೆ, ಮುಳ್ಳಿಲ್ಲದಂತೆ ಕಟ್ಟುತ್ತಾರೆ. 2012ರಲ್ಲಿ ವಯೋಮಿಂಗ್‌ನ ಹೆದ್ದಾರಿಯೊಂದರ ಮೇಲೆ ಪ್ರಾಣಿಗಳು ದಾಟಲೆಂದೇ ಸೇತುವೆ ಕಟ್ಟಿದರು.

ನಮ್ಮ ದೇಶದ ಕಾನೂನು

ಆ ದೇಶದ ಪದ್ಧತಿ ಆ ದೇಶದ್ದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕೃಷ್ಣಮೃಗವನ್ನು ಕೊಂದರೆ ಕನಿಷ್ಠ 3 ವರ್ಷ ಜೈಲು. 7 ವರ್ಷದವರೆಗೂ ಆಗಬಹುದು. ಬೆಳೆ ತಿಂದರೆ ಸಿಟ್ಟು ಬರುವುದು ಸಹಜ. ಆದರೆ ಉರುಳು ಒಡ್ಡಬೇಡಿ. ಅರಣ್ಯ ಇಲಾಖೆಗೆ ಅರ್ಜಿ ಬರೆದು ಪರಿಹಾರ ಕೇಳಿ. ಅರ್ಜಿ ಬರೆಯಲು ಈಗ ನಮಗೆ ಬರುತ್ತದಲ್ಲವೇ?

ಉತ್ತರ ಹೇಳಿ

1. ಕವಲುಕೊಂಬು ತನ್ನ ಜೊತೆಗಾರರಿಗೆ ಎಚ್ಚರಿಕೆ ಕೊಡುವುದು ಹೇಗೆ?
2. ಬೇಟೆಗಾರ ಗಾಳಿಯ ದಿಕ್ಕನ್ನು ಏಕೆ ನೋಡುತ್ತಾನೆ?
3. 1920ರ ದಶಕದಲ್ಲಿ ಈ ಪ್ರಾಣಿಗಳು ಎಷ್ಟು ಉಳಿದಿದ್ದವು?

ಕೂಡಿ ಮಾತಾಡಿ

ನಿಮ್ಮ ಊರಿನ ಸುತ್ತ ಮೊದಲು ಕಾಣುತ್ತಿದ್ದು, ಈಗ ಕಾಣದ ಪ್ರಾಣಿ ಯಾವುದು? ಹಿರಿಯರನ್ನು ಕೇಳಿ. ಹೆಸರುಗಳನ್ನು ಬರೆದು ತನ್ನಿ.